ಕ್ಯಾಂಪಿನಿಂದ ಬಂದ ಮಗಳು ಈಗ ‘ದೇವರು ನನ್ನ ಬಿಟ್ಟಾನ’ ಅಂತಾಳ, ಏನು ಹೇಳಲಿ?

ಬೀದರಿನ ತಾಯಿ:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಮಕ್ಕಳ ವಿಷಯ ಹಿಂಗ ನಾಲ್ಕು ಮಂದಿ ಮುಂದ ಇಡಬೇಕೋ ಬ್ಯಾಡೋ ಅಂತ ಬಹಳ ಯೋಚನೆ ಮಾಡಿ ಬರೀಲಕತ್ತೀನಿ.

ನಾನು ಬೀದರಿನ ಒಂದು ಆಸ್ಪತ್ರಿಯಾಗ ಸ್ಟಾಫ್ ನರ್ಸ್. ಮನಿಯವರು ಕೆಕೆಆರ್‌ಟಿಸಿ ಡ್ರೈವರ್, ವಾರದಾಗ ಅರ್ಧ ರಾತ್ರಿ ಹೊರಗೇ ಇರ್ತಾರ. ಅಜ್ಜ-ಮುತ್ತ್ಯಾರ ಕಾಲದಿಂದ ನಾವು ಕ್ರೈಸ್ತರು, ಮೆಥೋಡಿಸ್ಟ್ ಸಭೆಯವರು. ಮಗಳು ಸೆಕೆಂಡ್ ಪಿಯು ಸೈನ್ಸ್. ಮಾರ್ಚ್‌ನಾಗ ಪರೀಕ್ಷಾ, ಆಮ್ಯಾಲ ನೀಟ್. ಓದಾಕಿ ಇದ್ದಾಳ, ನಮ್ಮ ಭಾಗಕ್ಕ 371ಜೆ ಮೀಸಲಾತಿ ಬೇರೆ ಐತಿ, ಒಂದು ಸೀಟು ಸಿಕ್ಕೇ ಸಿಗ್ತದ ಅಂತ ಅವಳ ಲೆಕ್ಚರರ್‌ಗಳು ಹೇಳ್ಯಾರ. ಮಗ ಒಂಬತ್ತನೇ ಕ್ಲಾಸ್.

ದಸರಾ ರಜಾದಾಗ ಮಗಳು ಒಂದು ಯೂತ್ ಕ್ಯಾಂಪಿಗೆ ಹೋಗಿದ್ದಳು. ನಮ್ಮ ಸಭೆದಲ್ಲ, ಎಲ್ಲಾ ಸಭೆಯ ಮಕ್ಕಳು ಸೇರೋ ಕ್ಯಾಂಪ್. ಕಲಬುರಗಿ ಕಡೀ ಒಂದು ಶಾಲೆಯ ಹಾಸ್ಟೆಲ್‌ನಾಗ ಇಟ್ಟಿದ್ದರು. ಫೋನ್ ತರಬಾರದು ಅಂದಿದ್ದಕ್ಕ ಮಾರಿ ಸಣ್ಣದು ಮಾಡಿಕೊಂಡು ಹೋದಾಕಿ, ಬರೋವಾಗ ಬ್ಯಾರೆ ಹುಡುಗೀನ ಆಗಿ ಬಂದಳು. ನಸಿಕ್ಯಾಗ ನಾಲ್ಕಕ್ಕ ಏಳೋದು, ಬೈಬಲ್ ಓದೋದು, ತಮ್ಮನ್ನ ಎಬ್ಬಿಸಿ ಬಾಜೂಕ ಕೂಡಿಸಿಕೊಳ್ಳೋದು. ನೈಟ್ ಡ್ಯೂಟಿ ಮುಗಿಸಿ ನಾನು ಬಾಗಿಲಿಗೆ ಬಂದರ ಒಳಗಿಂದ ಕೀರ್ತನಿ ಕೇಳತಿತ್ತು. ನನಗ ಖರೇನ ಕಣ್ಣಾಗ ನೀರು ಬಂದಾವ. ಇದನ್ನ ಮೊದಲ ಹೇಳಬೇಕು, ಯಾಕಂದ್ರ ನಾನು ಕ್ಯಾಂಪನ್ನ ಬೈಲಿಕ್ಕೆ ಬಂದಾಕಿ ಅಲ್ಲ.

ಆದರ ಕಡೀ ರಾತ್ರಿ ಕ್ಯಾಂಪ್‌ಫೈರ್ ಮುಂದ ಎಲ್ಲರಿಗೂ ಒಂದು ಕಾರ್ಡ್ ಕೊಟ್ಟಿದ್ದರಂತ. ಅದರಾಗ ಕೆಳಗಿನ ಸಾಲು, ‘ನನ್ನ ಜೀವಮಾನವನ್ನೆಲ್ಲ ಪೂರ್ಣಾವಧಿ ಸೇವೆಗೆ ಒಪ್ಪಿಸುತ್ತೇನೆ’, ಅಂದ್ರ ಬ್ಯಾರೆ ಉದ್ಯೋಗ ಬಿಟ್ಟು ದೇವರ ಕೆಲಸಕ್ಕೇ ನಿಲ್ಲೋದು. ಇವಳು ಅದಕ್ಕ ಗುರುತು ಹಾಕಿ ಸಹಿ ಮಾಡ್ಯಾಳ. ಅರ್ಧ ಹರಿದು ಅವರು ಇಟ್ಟುಕೊಂಡಾರ, ಅರ್ಧ ಇವಳ ಬೈಬಲ್‌ನಾಗ ಐತಿ. ಇದು ನನಗ ಗೊತ್ತಾಗಿದ್ದು ಮೊನ್ನೆ ಮೊನ್ನೆ.

ನಡುವ ಎಳ್ಳ ಅಮಾಸಿ ಬಂತು. ನನ್ನ ತವರು ಔರಾದ್ ಕಡೀ ಹಳ್ಳಿ. ಅಲ್ಲಿ ದೊಡ್ಡಪ್ಪನ ಮನಿಯವರು ಕ್ರೈಸ್ತರಲ್ಲ. ಪ್ರತಿ ವರ್ಷ ಹೊಲಕ್ಕ ಕರೀತಾರ. ಪೂಜಾದಾಗ ನಾವು ನಿಲ್ಲೋದಿಲ್ಲ, ನಿಲ್ಲರಿ ಅಂತ ಅವರೂ ಎಂದೂ ಅಂದಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಉಂಡು, ಮಕ್ಕಳು ತೊಗರಿ ಸಾಲಿನಾಗ ಓಡ್ಯಾಡಿ ಬರ್ತಾರ. ಈ ಸಲ ಮಗಳು ಬರೋದಿಲ್ಲ ಅಂದಳು. ‘ಅದು ದೇವರಿಗೆ ಸೇರೋದಿಲ್ಲ ಮಮ್ಮಿ’ ಅಂದಳು. ಇವಳನ್ನ ಎತ್ತಿ ಆಡಿಸಿದ ನಮ್ಮ ದೊಡ್ಡವ್ವ ‘ಕೂಸು ಯಾಕ ಬರಲಿಲ್ಲ’ ಅಂತ ಕೇಳಿ ಕೇಳಿ, ಕಡೀಗೆ ಒಂದು ಡಬ್ಬಿ ಕಟ್ಟಿ ಕೊಟ್ಟಳು. ಡಬ್ಬಿ ಹಂಗೇ ಉಳೀತು.

ಹೊಸ ವರ್ಷ ಆದ ಮ್ಯಾಲ ಎಲ್ಲಾ ಇಳದದ. ಈಗ ಏಳೋದಿಲ್ಲ. ಮನಿ ಪ್ರಾರ್ಥನಿಗೆ ಕರದರ ಬಂದು ಕೂಡ್ತಾಳ, ಬಾಯಿ ತೆಗಿಯೋದಿಲ್ಲ. ಕೆಮಿಸ್ಟ್ರಿ ಪುಸ್ತಕ ತೆಗೆದು ಅದೇ ಪುಟ ನೋಡಕೋತ ಕೂತಿರ್ತಾಳ. ಹೋದ ವಾರ ತಲಿ ಹೆಣೀವಾಗ ಅಂದಳು: ‘ಮಮ್ಮಿ, ಕ್ಯಾಂಪಿನಾಗ ದೇವರು ಇಲ್ಲೇ ಇದ್ದ. ಈಗ ಏನೂ ಅನಸೋದಿಲ್ಲ. ಕಾರ್ಡ್ ಬರೆದು ಕೊಟ್ಟು ನಾನು ನೀಟ್ ಓದ್ಲಕತ್ತೀನಿ, ಅದಕ್ಕ ದೇವರು ನನ್ನ ಬಿಟ್ಟಾನ.’

ಇದಕ್ಕ ನಾನು ಏನು ಹೇಳಬೇಕ್ರಿ? ಆ ಕಾರ್ಡಿಗೆ ಎಷ್ಟು ಬೆಲೆ ಕೊಡಬೇಕು? ನನ್ನ ಅಕ್ಕನ ಮಗನೂ ಹಿಂಗೇ ಕ್ಯಾಂಪಿಂದ ಬಂದು ಮನಿ ಮನಿಗೆ ತನ್ನ ನಂಬಿಕೀ ಸಾಕ್ಷಿ ಹೇಳಿದವ. ಈಗ ಹೈದರಾಬಾದಿನಾಗ ಕೆಲಸ, ಕ್ರಿಸ್ಮಸ್‌ಗೂ ಚರ್ಚ್ ಮೆಟ್ಟಲ ಹತ್ತೋದಿಲ್ಲ. ಮೇ ತಿಂಗಳ ಕ್ಯಾಂಪಿಗೆ ಮಗನ ಫಾರ್ಮ್ ಬಂದದ. ಕಳಸಲೋ ಬ್ಯಾಡೋ ಅದೂ ತಿಳೀವಲ್ದು.

ಹುಮನಾಬಾದ್ ಹುಡುಗ:

ಅಕ್ಕಾ, ವಂದನೆ. ನಾನು ಕಲಬುರಗಿಯಾಗ ಇಂಜಿನಿಯರಿಂಗ್ ಥರ್ಡ್ ಇಯರ್. ಕ್ಯಾಂಪಿನ ಪರವಾಗಿ ಒಬ್ಬರಾದರೂ ಮಾತಾಡಬೇಕು ಅಂತ ಬರೀಲಕತ್ತೀನಿ.

ನಮ್ಮ ಹಳ್ಳಿಯಾಗ ಕ್ರೈಸ್ತರ ಮನಿ ನಾಲ್ಕೇ ನಾಲ್ಕು. ಚರ್ಚ್ ಅಂದ್ರ ತಗಡಿನ ಒಂದು ಖೋಲಿ. ಪಾಸ್ಟರ್ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಬರ್ತಾರ. ಆರಾಧನಿಯಾಗ ನನ್ನ ವಯಸ್ಸಿನವ ನಾನೊಬ್ಬನೇ, ಉಳಿದವರೆಲ್ಲ ಅಜ್ಜ-ಅಮ್ಮ, ಸಣ್ಣ ಹುಡುಗರು. ಎಸ್ಸೆಸ್ಸೆಲ್ಸಿ ಆದ ಮ್ಯಾಲ ಮೊದಲನೇ ಸಲ ಕ್ಯಾಂಪಿಗೆ ಹೋದೆ. ನನ್ನಂಥ ಹುಡುಗರು ಒಂದು ದೊಡ್ಡ ಹಾಲ್ ತುಂಬ ಕೂತು ಒಟ್ಟಿಗೆ ಹಾಡೋದು ಕೇಳಿದಾಗ ಮೈ ಮ್ಯಾಲಿನ ಕೂದಲು ಎದ್ದು ನಿಂತವು. ಅಲ್ಲೀತನಕ ಯೇಸು ಅಂದ್ರ ನಮ್ಮ ಅಪ್ಪ-ಅವ್ವನ ದೇವರು. ಅವರು ಕರದರ ಹೋಗೋದು, ಅಷ್ಟೇ. ನನಗೂ ಒಂದು ಪ್ರಶ್ನೆ ಕೇಳೋ ಹಕ್ಕು ಐತಿ, ನಾನೂ ಉತ್ತರ ಕೊಡಬೇಕು ಅನ್ನೋದು ಅಲ್ಲೇ ತಿಳೀತು. ದೊಡ್ಡ ಊರಿನ ದೊಡ್ಡ ಸಭೆಯವರಿಗೆ ಇದು ಸಣ್ಣದು ಅನಸಬಹುದು. ಒಬ್ಬನೇ ಇರೋ ಹುಡುಗನಿಗೆ ಸಣ್ಣದಲ್ಲ.

ಕ್ಯಾಂಪಿನ ಉತ್ಸಾಹ ಆರಿಹೋಗೋದು ಎಲ್ಲರಿಗೂ ಆಗ್ತದ ಅಕ್ಕಾ. ನನ್ನ ಜೊತಿ ಬಂದ ಗೆಳೆಯರಿಗೆಲ್ಲ ಆಗ್ಯಾದ. ನಾನು ಉಳಿದಿದ್ದು ಹಾಸ್ಟೆಲಿನ ಇಯು (ಇವ್ಯಾಂಜೆಲಿಕಲ್ ಯೂನಿಯನ್) ಅನ್ನೋ ವಿದ್ಯಾರ್ಥಿ ಕೂಟದಿಂದ. ಯುಇಎಸ್‌ಐ ಅಂತ 1954ರಿಂದ ಕಾಲೇಜು ವಿದ್ಯಾರ್ಥಿಗಳ ನಡುವ ಕೆಲಸ ಮಾಡೋ ಸಂಸ್ಥೆ ಐತಿ, ಅದರ ಕೂಟ. ಗುರುವಾರ ಸಂಜೀಕ ಒಬ್ಬನ ಖೋಲಿಯಾಗ ಐದಾರು ಮಂದಿ ಕೂಡ್ತೀವಿ. ಗಿಟಾರ್ ಇಲ್ಲ, ಲೈಟ್ ಇಲ್ಲ, ಕಣ್ಣೀರೂ ಇಲ್ಲ. ಮಾರ್ಕನ ಸುವಾರ್ತೆ ಒಂದೊಂದು ತುಂಡು ಓದಿ, ತಿಳಿಯದ್ದು ಕೇಳಿ, ಒಬ್ಬರಿಗೊಬ್ಬರು ಪ್ರಾರ್ಥನಿ ಮಾಡಿ, ಮೆಸ್ಸಿಗೆ ಹೋಗ್ತೀವಿ. ಇಂಟರ್ನಲ್ಸ್‌ನಾಗ ಫೇಲ್ ಆದಾಗ ಬಂದು ಲೆಕ್ಕ ಹೇಳಿಕೊಟ್ಟವರೂ ಅವರೇ.

ಎಳ್ಳ ಅಮಾಸಿ ವಿಷಯಕ್ಕ: ಬೈಬಲ್‌ನಾಗಿನ 1 ಕೊರಿಂಥ 10ನೇ ಅಧ್ಯಾಯ ಅವಳ ಜೊತಿ ಕೂತು ಓದ್ರಿ. ನಂಬದವರು ಊಟಕ್ಕ ಕರದು, ನಿಮಗೂ ಹೋಗಬೇಕು ಅನಿಸಿದರ, ಮುಂದ ಇಟ್ಟಿದ್ದು ಉಣ್ರಿ, ವಿಚಾರಣೆ ಮಾಡಬ್ಯಾಡ್ರಿ ಅಂತ 27ನೇ ವಚನದಾಗ ಪೌಲನೇ ಹೇಳ್ಯಾನ. ಆದರ 28ನೇದೂ ಓದಬೇಕು, ಇದು ನೈವೇದ್ಯ ಅಂತ ಯಾರಾದರೂ ಹೇಳಿದರ ಬ್ಯಾಡ ಅಂತದ. ಎರಡೂ ಓದಿದರ ಅವಳೇ ತೂಗಿ ನೋಡ್ತಾಳ. ಕ್ಯಾಂಪಿನಾಗ ಯಾರೋ ಹೇಳಿದ್ದಕ್ಕಿಂತ ತಾನೇ ಓದಿ ತಿಳಕೊಂಡಿದ್ದು ಗಟ್ಟಿ ನಿಲ್ತದ.

ಭಾಲ್ಕಿಯ ನಿವೃತ್ತ ಶಿಕ್ಷಕ:

ತಂಗೀ, ನಿನ್ನ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಾನು ಹೈಸ್ಕೂಲ್ ಮಾಸ್ತರಿಕೆ ಮಾಡಿದವನು. ಸಭೆಯಲ್ಲಿ ಯೌವನಸ್ಥರ ಕೆಲಸ ನೋಡಿಕೊಂಡವನು. ನಮ್ಮ ಎಂವೈಎಫ್ (ಮೆಥೋಡಿಸ್ಟ್ ಯೂತ್ ಫೆಲೋಶಿಪ್) ಕ್ಯಾಂಪುಗಳಲ್ಲಿ ಸಂತೆಯಿಂದ ತರಕಾರಿ ತರುವುದರಿಂದ ಹಿಡಿದು ಬೈಬಲ್ ಅಧ್ಯಯನ ನಡೆಸುವವರೆಗೆ ಎಲ್ಲ ಕೆಲಸ ಮಾಡಿದ್ದೇನೆ.

ಮೊದಲು ಮಗಳಿಗೆ ಹೇಳಬೇಕಾದ ಮಾತು. ಮೆಥೋಡಿಸ್ಟರಾದ ನಮಗೆ 1738ರ ಮೇ 24 ದೊಡ್ಡ ದಿನ. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ರೋಮಾಪುರದವರ ಪತ್ರಿಕೆಗೆ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಕೇಳುತ್ತಿದ್ದ ಜಾನ್ ವೆಸ್ಲಿಯ, ಅಂದರೆ ನಮ್ಮ ಮೆಥೋಡಿಸ್ಟ್ ಸಭೆಯ ಮೂಲಪುರುಷರ, ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು. ಇಷ್ಟನ್ನು ನಾವು ಚರ್ಚಿನಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಮುಂದಿನದನ್ನು ಹೇಳುವವರು ಕಡಿಮೆ. ಅದೇ ವೆಸ್ಲಿ 1739ರ ಜನವರಿ 4ರಂದು, ಅಂದರೆ ಬರೀ ಏಳು ತಿಂಗಳು ಕಳೆದ ಮೇಲೆ, ‘ನಾನು ಈಗ ಕ್ರೈಸ್ತನಲ್ಲ’ ಎಂದು ಬರೆದಿಟ್ಟಿದ್ದಾರೆ. ದೇವರ ಮೇಲಿನ ಪ್ರೀತಿ, ಸಮಾಧಾನ, ಸಂತೋಷ ಯಾವುದೂ ತನ್ನಲ್ಲಿ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಅದಾಗಿ ಮೂರು ತಿಂಗಳಿಗೆ, ಏಪ್ರಿಲ್ 2ರಂದು, ಬ್ರಿಸ್ಟಲ್ ಊರಿನಲ್ಲಿ ಬಯಲಲ್ಲಿ ನಿಂತು ಜನರಿಗೆ ಸುವಾರ್ತೆ ಹೇಳಲು ಶುರು ಮಾಡಿದರು. ಆ ಕೆಲಸವೇ ಬೆಳೆದು ನಿನ್ನ ಅಜ್ಜನ ಮನೆಯವರೆಗೂ ಬಂದದ್ದು. ನಿನ್ನ ಮಗಳು ಹೇಳಿದ ಮಾತನ್ನೇ ಅವಳಿಗಿಂತ ಮುಂಚೆ ವೆಸ್ಲಿ ಹೇಳಿದ್ದಾರೆ ಎಂದು ಅವಳಿಗೆ ತಿಳಿಸು. ಕ್ಯಾಂಪಿನಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ.

ಆಮೇಲೆ 1 ಅರಸುಗಳು 19 ಓದಿಸು. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಎಲೀಯ ಮರು ಅಧ್ಯಾಯದಲ್ಲೇ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಬಿದ್ದು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅನ್ನುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಟ್ಟು ‘ಎದ್ದು ಊಟಮಾಡು’ ಅನ್ನುತ್ತಾನೆ. ಅವನು ಉಂಡು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಎಬ್ಬಿಸಿ ಉಣಿಸುತ್ತಾನೆ. ನೀನು ನರ್ಸ್, ಈ ಕ್ರಮದ ಬೆಲೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ವರ್ಷದವರೆಗೆ ದಿನಾ ನಾಲ್ಕು ಗಂಟೆಗೆ ಎದ್ದು, ಕಾಲೇಜು, ನೀಟ್ ಕೋಚಿಂಗ್ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದ ಹುಡುಗಿಗೆ ಏನೂ ಅನಿಸದೆ ಇರುವುದು ದೇವರು ಬಿಟ್ಟದ್ದರಿಂದಲ್ಲ.

ಇನ್ನು ಕ್ಯಾಂಪಿನ ವಿಷಯ. ಸಲೈನ್ ಹಚ್ಚಿದರೆ ಬಿದ್ದ ರೋಗಿ ಎದ್ದು ಕೂಡುತ್ತಾನೆ, ಆದರೆ ಸಲೈನ್ ಮೇಲೆ ಯಾರೂ ಬದುಕು ಮಾಡುವುದಿಲ್ಲ, ಮನೆ ಊಟ ಬೇಕು. ನಮ್ಮ ಸಭೆಗಳು ಸಲೈನಿಗೆ ಖರ್ಚು ಮಾಡುತ್ತವೆ, ಊಟ ಮರೆಯುತ್ತವೆ. ವೆಸ್ಲಿ ಇದನ್ನು ಬಹಳ ಬೇಗ ಕಂಡುಕೊಂಡರು. 1742ರಲ್ಲಿ ಬ್ರಿಸ್ಟಲ್‌ನ ಸಭಾಮಂದಿರ ಕಟ್ಟಿದ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಲಿ, ಹನ್ನೆರಡು ಜನಕ್ಕೆ ಒಬ್ಬ ಮುಖಂಡ ಮನೆಮನೆಗೆ ಹೋಗಿ ವಸೂಲಿ ಮಾಡಲಿ ಎಂದು ಗೊತ್ತು ಮಾಡಿದರು. ಹಣ ಕೇಳಲು ಹೋದವರಿಗೆ ಮನೆಗಳ ಒಳಗಿನ ಸ್ಥಿತಿ ಕಣ್ಣಿಗೆ ಬಿತ್ತು: ಒಬ್ಬ ಕುಡಿಯುತ್ತಿದ್ದಾನೆ, ಒಬ್ಬಳು ಕಾಯಿಲೆ ಬಿದ್ದಿದ್ದಾಳೆ, ಇನ್ನೊಬ್ಬ ಪ್ರಾರ್ಥನೆ ಬಿಟ್ಟು ಎಷ್ಟೋ ದಿನವಾಗಿದೆ. ಸಾಲದ ಕೆಲಸ ಹಿಂದೆ ಸರಿದು ಮನುಷ್ಯರ ಕೆಲಸ ಮುಂದೆ ಬಂತು. ಇದೇ ‘ಕ್ಲಾಸ್ ಮೀಟಿಂಗ್’. 1763ರಲ್ಲಿ ವೇಲ್ಸ್ ಸೀಮೆಯ ಪೆಂಬ್ರೋಕ್‌ಶೈರಿನಲ್ಲಿ, ಉಪದೇಶ ಕೇಳಿ ಎಚ್ಚೆತ್ತವರನ್ನು ಹೀಗೆ ಕೂಡಿಸಿ ನಡೆಸದೆ ಬಿಟ್ಟಿದ್ದರಿಂದ ಹತ್ತರಲ್ಲಿ ಒಂಬತ್ತು ಜನ ಮತ್ತೆ ನಿದ್ದೆಗೆ ಜಾರಿದ್ದನ್ನು ಅವರು ಕಂಡರು. ಎಬ್ಬಿಸಿ ಕೈಬಿಡುವುದು ಮಕ್ಕಳನ್ನು ಹೆತ್ತು ಕೊಲೆಗಾರನಿಗೆ ಒಪ್ಪಿಸಿದಂತೆ ಎಂದು ದಿನಚರಿಯಲ್ಲಿ ಬರೆದರು. ಇಷ್ಟು ಕಠಿಣ ಮಾತು ಅವರು ಸುಮ್ಮನೆ ಬರೆಯಲಿಲ್ಲ.

ನನ್ನ ಅನುಭವದಲ್ಲಿ ಕ್ಯಾಂಪ್ ಮುಗಿದ ಮೇಲೆ ಎರಡು ತಿಂಗಳು ಬಹಳ ಮುಖ್ಯ. ಹುಡುಗರ ಮನೆಗೆ ಹೋಗಿ, ಜಗಲಿ ಮೇಲೆ ಕೂತು, ಚಹಾ ಕುಡಿದು, ‘ಓದು ಹೇಗೆ ನಡೆದದ, ಪ್ರಾರ್ಥನೆ ಆಗ್ತದೋ ಇಲ್ಲೋ’ ಅಂತ ಕೇಳುವ ಒಬ್ಬ ದೊಡ್ಡವರು ಬೇಕು. ಹಾಗೆ ಹೋದ ಊರುಗಳಲ್ಲಿ ಹುಡುಗರು ಉಳಿದರು. ಇವತ್ತು ಅವರೇ ಸಂಡೇ ಸ್ಕೂಲ್ ನಡೆಸುತ್ತಾರೆ. ಯಾರೂ ಹೋಗದ ಊರುಗಳಲ್ಲಿ ಮುಂದಿನ ಕ್ಯಾಂಪಿಗೆ ಮತ್ತೆ ಬಂದರು, ಮತ್ತೆ ಅತ್ತರು, ಮತ್ತೆ ಆರಿದರು.

ನಮ್ಮ ಹಿರಿಯರ ಕಾಲದ ಒಂದು ಮಾತು ಇಲ್ಲಿ ಹೇಳಲೇಬೇಕು. ವಿಕಾರಾಬಾದ್ ಹತ್ತಿರದ ಧಾರೂರಿನ ಕ್ರೈಸ್ತ ಜಾತ್ರೆ 1920ರ ದಶಕದಿಂದ ನಡೆದು ಬಂದಿದೆ. ನವೆಂಬರ್‌ನಲ್ಲಿ ಬೀದರ, ಜಹೀರಾಬಾದ್ ಕಡೆಯಿಂದ ಸಂಸಾರ ಸಮೇತ ಹೋಗಿ ಡೇರೆ ಹಾಕುತ್ತಾರೆ. ಅಜ್ಜಿ, ಸೊಸೆ, ಕೈಕೂಸು ಎಲ್ಲರೂ ಒಂದೇ ಉಪದೇಶ ಕೇಳುತ್ತಾರೆ, ಒಂದೇ ಒಲೆಯ ಊಟ ಉಣ್ಣುತ್ತಾರೆ. ಅಲ್ಲಿ ಮನಸ್ಸು ಕರಗಿದ ಹುಡುಗ ಮನೆಗೆ ಬಂದಾಗ, ಮನೆಯವರೆಲ್ಲ ಅದೇ ಜಾಗದಿಂದ ಬಂದವರೇ. ಯೂತ್ ಕ್ಯಾಂಪಿನಿಂದ ಬಂದ ನಿನ್ನ ಮಗಳಿಗೆ ಅದು ಸಿಗಲಿಲ್ಲ. ಅವಳು ಕಂಡದ್ದನ್ನು ನೀನು ಕಂಡಿಲ್ಲ. ಅವಳಿಗೆ ಆದದ್ದೆಲ್ಲವನ್ನೂ, ಹಾಡು, ಗೆಳತಿಯರು, ಆ ರಾತ್ರಿ, ಒಂದು ದಿನ ನಿಧಾನವಾಗಿ ಕೇಳಿಸಿಕೋ. ತಿದ್ದಬೇಡ, ಸುಮ್ಮನೆ ಕೇಳು.

ಯಾದಗಿರಿಯ ಸಮಾಲೋಚಕಿ:

ನಾನು ಎಂಎಸ್‌ಡಬ್ಲ್ಯೂ ಮಾಡಿ ಶಾಲಾ ಮಕ್ಕಳ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಕ್ರೈಸ್ತ ಮನೆತನದವಳೇ. ಹಿಂದಿನ ಇಬ್ಬರಷ್ಟು ಮೆತ್ತಗೆ ಬರೆಯಲು ನನಗೆ ಆಗುವುದಿಲ್ಲ, ಕ್ಷಮಿಸಿ.

ಹೈಸ್ಕೂಲಿನಲ್ಲಿದ್ದಾಗ ನಾನೂ ಒಂದು ಕ್ಯಾಂಪಿಗೆ ಹೋಗಿದ್ದೆ. ಯಾವುದು ಅಂತ ಹೇಳುವುದು ಬೇಡ. ಕೊನೆಯ ರಾತ್ರಿ ಹನ್ನೊಂದು ಗಂಟೆಯ ಮೇಲೆ ದೀಪ ಆರಿಸಿ, ಬೆಂಕಿಯ ಸುತ್ತ ಕೂರಿಸಿ, ‘ಇವತ್ತು ರಾತ್ರಿ ನೀನು ಸತ್ತರೆ ಎಲ್ಲಿಗೆ ಹೋಗುತ್ತೀ’ ಎಂದು ಕೇಳಿದರು. ದಿನವೂ ಬೆಳಗಿನ ಐದೂವರೆಗೆ ಗಂಟೆ ಹೊಡೆದು ಎಬ್ಬಿಸಿದ ಮಕ್ಕಳು ನಾವು. ಒಬ್ಬಳು ಅಳಲು ಶುರು ಮಾಡಿದರೆ ಹತ್ತು ಮಂದಿ ಅಳುತ್ತಾರೆ. ಎದ್ದು ಮುಂದೆ ಹೋಗದವರತ್ತ ಎಲ್ಲರ ಕಣ್ಣು. ಅಲ್ಲಿ ಕೊಟ್ಟ ಮಾತು ದೇವರಿಗೆ ಕೊಟ್ಟದ್ದೋ ಭಯಕ್ಕೆ ಕೊಟ್ಟದ್ದೋ ಅಂತ ಒಂದು ಮಗು ಹೇಗೆ ವಿಂಗಡಿಸಬೇಕು? ಬೇರೆ ಧರ್ಮದ ಗೆಳತಿಯರ ಸಹವಾಸ ಬಿಡಿ ಎಂದೂ ಹೇಳಿದರು. ಪಕ್ಕದ ಮನೆಯ ಮುಸ್ಲಿಂ ಹುಡುಗಿ, ನನ್ನ ಜೊತೆ ಒಂದನೇ ಕ್ಲಾಸಿನಿಂದ ಶಾಲೆಗೆ ಬಂದವಳು, ಅವಳೊಡನೆ ನಾನು ಮಾತು ಬಿಟ್ಟೆ. ಅವಳಿಗೆ ಕಾರಣವೂ ಗೊತ್ತಿರಲಿಲ್ಲ. ನಿಮ್ಮ ದೊಡ್ಡವ್ವನ ಡಬ್ಬಿಯ ಬಗ್ಗೆ ಓದಿದಾಗ ನನಗೆ ಇದೆಲ್ಲ ಮತ್ತೆ ನೋಯಿತು.

ನಿಮ್ಮ ಮಗಳ ಬಗ್ಗೆ, ವೃತ್ತಿಯಿಂದ ಹೇಳುವ ಮಾತು. ಬೇಗ ಏಳುವುದು ನಿಂತಿತು ಅನ್ನುವುದು ದೊಡ್ಡದಲ್ಲ. ಪುಸ್ತಕದ ಅದೇ ಪುಟ ನೋಡುತ್ತಾ ಕೂರುತ್ತಾಳೆ, ಮಾತು ಕಡಿಮೆಯಾಗಿದೆ, ತನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನ್ನುತ್ತಾಳೆ, ಇವು ಮೂರೂ ಸೇರಿರುವುದು ನನಗೆ ಕಾಣುತ್ತಿದೆ. ಊಟ, ನಿದ್ದೆ, ಮುಟ್ಟು ಸರಿಯಾಗಿದೆಯಾ ನೋಡಿ. ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಆಡಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ. ಡಾಕ್ಟರ್ ಹತ್ತಿರ ಹೋಗುವುದು ವಿಶ್ವಾಸ ಕಡಿಮೆಯಾದವರ ಕೆಲಸ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೇಗಿದ್ದರೂ ನೀವು ಆಸ್ಪತ್ರೆಯಲ್ಲೇ ಇರುವವರು.

ಮಗನ ವಿಷಯ. ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಹುಮನಾಬಾದ್ ತಮ್ಮನ ಮಾತಿನಲ್ಲಿ ಸತ್ಯವಿದೆ, ಒಂಟಿಯಾಗಿರುವ ಮಕ್ಕಳಿಗೆ ಅಲ್ಲಿ ಗೆಳೆತನ ಸಿಗುತ್ತದೆ. ಆದರೆ ಫಾರ್ಮಿಗೆ ಸಹಿ ಹಾಕುವ ಮೊದಲು ಕೇಳಿ: ರಾತ್ರಿ ಹುಡುಗರ ಕೋಣೆಯ ಉಸ್ತುವಾರಿ ಯಾರದು, ಒಬ್ಬರೇ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಕೌನ್ಸೆಲಿಂಗ್ ಮಾಡುತ್ತಾರಾ, ಮಗನಿಗೆ ಮನೆಗೆ ಫೋನ್ ಮಾಡಬೇಕು ಅನಿಸಿದರೆ ಬಿಡುತ್ತಾರಾ. 2012ರ ಪೋಕ್ಸೋ ಕಾಯ್ದೆ ಕ್ಯಾಂಪುಗಳಿಗೂ ಅನ್ವಯಿಸುತ್ತದೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಿದ್ದೂ ವರದಿ ಮಾಡದಿರುವುದು ಅಪರಾಧ. ಇದನ್ನು ಕೇಳಿದರೆ ಬೇಸರ ಮಾಡಿಕೊಳ್ಳುವ ಸಂಘಟಕರ ಹತ್ತಿರ ಮಗನನ್ನು ಬಿಡಬೇಡಿ.

ಇನ್ನೊಂದು. ಅಮೆರಿಕದಲ್ಲಿ 2002-03ರಲ್ಲಿ 13ರಿಂದ 17 ವಯಸ್ಸಿನ 3,290 ಮಕ್ಕಳನ್ನು ಫೋನಿನಲ್ಲಿ ಮಾತಾಡಿಸಿ ದೊಡ್ಡ ಅಧ್ಯಯನ ಮಾಡಿದ್ದರು. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಸಂಗಡಿಗರು. ಮಕ್ಕಳ ಧಾರ್ಮಿಕ ಬದುಕನ್ನು ಎಲ್ಲಕ್ಕಿಂತ ಹೆಚ್ಚು ರೂಪಿಸುವವರು ತಂದೆತಾಯಿಗಳೇ ಎಂಬುದು ಅವರು ಕಂಡ ಮುಖ್ಯ ಸಂಗತಿಗಳಲ್ಲಿ ಒಂದು. ನಮ್ಮ ಊರಿನ ಮನೆಗಳು ಬೇರೆ, ಒಪ್ಪುತ್ತೇನೆ. ಆದರೆ ನಾನು ದಿನಾ ನೋಡುವ ಮಕ್ಕಳಲ್ಲೂ ಇದನ್ನೇ ಕಾಣುತ್ತೇನೆ.

ಕಲಬುರಗಿಯ ಧರ್ಮಭಗಿನಿ:

ಪ್ರೀತಿಯ ಅಮ್ಮ, ನಾನು ಕರಾವಳಿಯವಳು, ಕೆಲವು ವರ್ಷಗಳಿಂದ ಕಲಬುರಗಿ ಧರ್ಮಪ್ರಾಂತ್ಯದಲ್ಲಿ ಸೇವೆಯಲ್ಲಿದ್ದೇನೆ. ನಿಮ್ಮ ಸಭೆ ಬೇರೆ, ನಮ್ಮದು ಬೇರೆ. ಆದರೂ ಆ ಕಾರ್ಡಿನ ಬಗ್ಗೆ ಮಾತ್ರ ಒಂದೆರಡು ಮಾತು, ಏಕೆಂದರೆ ಬದುಕನ್ನೇ ಒಪ್ಪಿಸಿಕೊಡುವುದು ಏನೆಂದು ನನಗೆ ಗೊತ್ತಿದೆ.

ನಮ್ಮ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ 17 ವರ್ಷ ತುಂಬದವರನ್ನು ನವಶಿಷ್ಯಾಲಯಕ್ಕೆ, ಅಂದರೆ ಸನ್ಯಾಸದ ಮೊದಲ ತರಬೇತಿಗೆ, ಸೇರಿಸಿಕೊಳ್ಳುವಂತಿಲ್ಲ. 18 ತುಂಬದೆ ತಾತ್ಕಾಲಿಕ ವ್ರತವೂ ಇಲ್ಲ. 21 ತುಂಬದೆ, ಅದಕ್ಕೂ ಮೊದಲು ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತದಲ್ಲಿ ಬದುಕಿ ನೋಡದೆ, ಆಜೀವ ವ್ರತ ಸ್ವೀಕರಿಸುವಂತಿಲ್ಲ. ಅನ್ಯಾಯವಾಗಿ ಹುಟ್ಟಿಸಿದ ಘೋರ ಭಯದಿಂದ ಮಾಡಿದ ಹರಕೆ ಹರಕೆಯೇ ಅಲ್ಲ. ಶತಮಾನಗಳ ಕಾಲ ಸನ್ಯಾಸಿ ಸನ್ಯಾಸಿನಿಯರನ್ನು ಬೆಳೆಸಿದ ಒಂದು ಸಭೆ ಇಷ್ಟು ನಿಧಾನಿಸುತ್ತದೆ. ಹಾಗಿರುವಾಗ ಪಿಯುಸಿ ಹುಡುಗಿಯೊಬ್ಬಳು ಒಂದು ರಾತ್ರಿ ಗುರುತು ಹಾಕಿದ ಕಾರ್ಡಿನ ಸಾಲಿಗೆ ದೇವರು ಅವಳನ್ನು ಹಿಡಿದು ಶಿಕ್ಷಿಸುತ್ತಾರೆಯೇ?

ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆ’ಗಳು 1548ರಲ್ಲಿ ಪೋಪರ ಒಪ್ಪಿಗೆ ಪಡೆದವು. ಇಂದಿಗೂ ನಮ್ಮ ಧ್ಯಾನಕೂಟಗಳು ಅವುಗಳ ಮೇಲೆ ನಡೆಯುತ್ತವೆ. ಅದರಲ್ಲಿ ಧ್ಯಾನ ಮಾಡಿಸುವವರಿಗೇ ಒಂದು ಎಚ್ಚರಿಕೆ ಇದೆ: ಧ್ಯಾನಕ್ಕೆ ಬಂದವರು ಬಹಳ ಉತ್ಸಾಹದಲ್ಲಿ, ಸಾಂತ್ವನದಲ್ಲಿ ಇರುವುದು ಕಂಡರೆ, ಆತುರದಲ್ಲಿ ಯಾವ ಪ್ರತಿಜ್ಞೆಯನ್ನೂ ಹರಕೆಯನ್ನೂ ಮಾಡದಂತೆ ತಡೆಯಬೇಕು. ಶುಷ್ಕವಾದ ಕಾಲಕ್ಕೂ ಒಂದು ನಿಯಮ ಇದೆ: ಮನಸ್ಸು ಒಣಗಿದಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ. ಆದ್ದರಿಂದ ಕಾರ್ಡನ್ನು ಹರಿದು ಹಾಕಿಸಬೇಡಿ. ‘ಈಗ ಇದನ್ನು ಪಾಲಿಸಲೂ ಬೇಡ, ಮುರಿಯಲೂ ಬೇಡ. ಬೈಬಲ್‌ನಲ್ಲೇ ಇರಲಿ. ಓದು ಮುಗಿಸು. ನಿನಗೆ 21 ಆದಾಗ ಇಬ್ಬರೂ ಕೂತು ನೋಡೋಣ’ ಎಂದು ಹೇಳಿ. ಆಗಲೂ ಆ ಆಸೆ ಇದ್ದರೆ ಅದು ದೇವರದ್ದೇ ಇರಬಹುದು. ಡಾಕ್ಟರೋ ನರ್ಸೋ ಆಗಿಯೂ ಸೇವೆಗೆ ಹೋಗಬಹುದು. ನಿಮ್ಮ ಬೀದರಿನ ಮಿಷನ್ ಆಸ್ಪತ್ರೆಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಲ್ಲವೇ.

ಭಾಲ್ಕಿಯ ನಿವೃತ್ತ ಶಿಕ್ಷಕ:

ಯಾದಗಿರಿಯ ಮಗಳು ಬರೆದದ್ದಕ್ಕೆ ಉತ್ತರ ಕೊಡಲೇಬೇಕು. ನಿನಗೆ ಆದದ್ದು ಅನ್ಯಾಯ. ಅದನ್ನು ಪವಿತ್ರಾತ್ಮನ ಹೆಸರಲ್ಲಿ ಯಾರೂ ಸಮರ್ಥಿಸಬಾರದು. ನಮ್ಮ ಕ್ಯಾಂಪುಗಳಲ್ಲಿ ಕೊನೆಯ ರಾತ್ರಿಯ ಕರೆಯನ್ನು ಬಿಡಿಸಿ, ಮರುದಿನ ನಾಷ್ಟಾ ಆದ ಮೇಲೆ, ಹಗಲು ಬೆಳಕಿನಲ್ಲಿ, ಬೇಕಾದವರು ಬಂದು ಮಾತಾಡಲಿ ಎಂದು ಇಡಬೇಕೆಂಬುದು ನನ್ನ ಬಹಳ ಹಳೆಯ ವಾದ. ಕೆಲವರು ಒಪ್ಪಿದ್ದಾರೆ. ‘ಹಗಲು ಯಾರೂ ಮುಂದೆ ಬರುವುದಿಲ್ಲ’ ಎಂದು ಕೆಲವರು ಒಪ್ಪುವುದಿಲ್ಲ. ರಾತ್ರಿ ಮಾತ್ರ ಬರುವ ನಿರ್ಧಾರ ಎಂಥದ್ದು ಎಂದು ಅವರನ್ನು ನಾನು ಕೇಳುತ್ತಲೇ ಇದ್ದೇನೆ.

ಗೆಳೆತನ ಬಿಡಿಸುವ ಉಪದೇಶ ಸುವಾರ್ತೆಯಲ್ಲಿ ಇಲ್ಲ. ಯೇಸು ಸುಂಕದವರ ಮನೆಯಲ್ಲಿ ಉಂಡವನು.

ಬೀದರಿನ ತಾಯಿ:

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಇಷ್ಟು ಮಂದಿ ಇಷ್ಟು ಕಾಳಜಿಯಿಂದ ಬರೀತೀರಿ ಅಂತ ಅನಕೊಂಡಿದ್ದಿಲ್ಲ.

ನಿನ್ನೆ ನೈಟ್ ಡ್ಯೂಟಿ ಇದ್ದಿಲ್ಲ. ಮಾಸ್ತರರು ಹೇಳಿದಂಗ ಕ್ಯಾಂಪಿನ ವಿಷಯ ಎಲ್ಲಾ ಹೇಳು ಅಂದೆ. ಮೊದಲ ಸುಮ್ಮನಿದ್ದಳು. ಆಮ್ಯಾಲ ಸುರು ಮಾಡಿದಾಕಿ ಹನ್ನೆರಡರ ತನಕ ಹೇಳಿದಳು. ಕ್ಯಾಂಪಿನಾಗ ಅವಳ ಪಕ್ಕದ ಕಾಟಿನ ಹುಡುಗಿ ಚಿತ್ತಾಪುರದಾಕಿ, ಅವಳ ಅಪ್ಪ ತೀರಿಕೊಂಡು ವರ್ಷ ಆಗಿಲ್ಲಂತ. ಆಕಿ ಎದ್ದು ಮುಂದ ಹೋದಳು, ಆಕಿನ್ನ ಒಬ್ಬಾಕಿನ್ನೇ ಬಿಡಬಾರದು ಅಂತ ಇವಳೂ ಹೋಗ್ಯಾಳ. ಸಹಿನೂ ಇಬ್ಬರೂ ಕೂಡೇ ಮಾಡ್ಯಾರ. ಇದು ನನಗ ಗೊತ್ತಿದ್ದಿಲ್ಲ. ಆ ಹುಡುಗಿ ನಂಬರ್ ಇವಳ ಹತ್ರ ಐತಿ, ಆದರ ನಾಚಿಕಿ ಬಂದು ಫೋನ್ ಮಾಡಿಲ್ಲಂತ, ‘ನಾನು ಆರಿಹೋಗೀನಿ ಅಂತ ಆಕಿಗೆ ಹೆಂಗ ಹೇಳಲಿ’ ಅಂತ. ವೆಸ್ಲಿಯವರ ಜನವರಿ 4ರ ಮಾತು ಹೇಳಿದೆ. ನನ್ನ ಮಾರಿ ನೋಡಿ ‘ಖರೇನಾ ಮಮ್ಮಿ’ ಅಂತ ಎರಡು ಸಲ ಕೇಳಿದಳು.

ಊಟ ಅರ್ಧ ಆಗ್ಯಾದ, ನಿದ್ದೀನೂ ಸರಿ ಇಲ್ಲ, ಅದು ನನ್ನ ಕಣ್ಣಿಗೂ ಬಿದ್ದದ. ನಮ್ಮ ಆಸ್ಪತ್ರಿಯಾಗ ಮೇಡಮ್ ಒಬ್ಬರ ಹತ್ರ ಈ ವಾರ ಕರಕೊಂಡು ಹೋಗ್ತೀನಿ. ಹಿಮೋಗ್ಲೋಬಿನ್ನೂ ಒಮ್ಮೆ ನೋಡಸಬೇಕು. ಸಿಸ್ಟರ್ ಅವರೇ, ಕಾರ್ಡಿನ ಮಾತು ಹಂಗೇ ಹೇಳ್ತೀನಿ, 21ರ ತನಕ ಬೈಬಲ್‌ನಾಗ ಇರಲಿ.

ನಮ್ಮ ಓಣಿಯಾಗ ಪಿಯು ಓದೋ ಹೆಣ್ಣುಮಕ್ಕಳು ಇನ್ನೂ ಮೂರು ಮಂದಿ ಇದ್ದಾರ. ಶನಿವಾರ ಸಂಜೀಕ ನಮ್ಮ ಮನಿಯಾಗ ಕೂಡ್ರಿ, ಅರ್ಧ ತಾಸು ಬೈಬಲ್, ಆಮ್ಯಾಲ ಒಟ್ಟಿಗೆ ಓದಕೋರಿ ಅಂತ ಕೇಳ್ತೀನಿ. ಹುಮನಾಬಾದ್ ತಮ್ಮಾ, ನಿಮ್ಮ ಕೂಟದಾಗ ಮಾರ್ಕನ ಸುವಾರ್ತೆ ಯಾವ ಪ್ರಶ್ನೆ ಇಟ್ಟುಕೊಂಡು ಓದ್ತೀರಿ, ಒಂದು ಕಾಗದದ ಫೋಟೋ ಹೊಡೆದು ಹಾಕು.

ಮಗನ ಫಾರ್ಮ್‌ಗೆ ಈ ತಿಂಗಳ ಕೊನೀ ತನಕ ಟೈಮ್ ಐತಿ. ಯಾದಗಿರಿ ತಂಗಿ ಬರೆದ ಪ್ರಶ್ನೆಗಳನ್ನ ಚೀಟಿಯಾಗ ಬರಕೊಂಡೀನಿ. ಕಡೀ ರಾತ್ರಿ ಏನು ಮಾಡಸ್ತೀರಿ ಅನ್ನೋದೂ ಸೇರಿಸೀನಿ. ಮನಿಯವರು ‘ಉತ್ತರ ಸರಿ ಬಂದರ ನಾನೂ ರಜಾ ಹಾಕಿ ಅಡಗಿ ಕೆಲಸಕ್ಕ ಹೋಗ್ತೀನಿ, ಹುಡುಗನ ಜೊತಿ ಅಲ್ಲೇ ಇರ್ತೀನಿ’ ಅಂತ ಹೇಳ್ಯಾರ. ಡಿಪೋದಾಗ ರಜಾ ಸಿಗಬೇಕು, ಮೇ ತಿಂಗಳು ಮದವಿ ಸೀಜನ್ ಬೇರೆ.